ಮನೆಗೆಲಸವೂ ಶಾಲೆಯ ಪಾಠವೂ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಕ್ರಿಸ್ತಶಕ 9ನೆಯ ಶತಮಾನದಲ್ಲಿ, ಬಾಳಿದ ಜೈನ ಗಣಿತಜ್ಞ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತಗ್ರಂಥದ ಮೊದಲಲ್ಲಿಯೇ ಗಣಿತಕ್ಕೆ ಎಲ್ಲೆಲ್ಲಿ ಪ್ರವೇಶವುಂಟೆಂಬುದನ್ನು ಒಂದೊಂದಾಗಿ ಎಣಿಸಿ ಹೇಳುತ್ತಾನೆ. ಅರ್ಥಶಾಸ್ತ್ರ, ಸಂಗೀತ, ನಾಟಕ, ವೈದ್ಯ, ವಾಸ್ತುವಿದ್ಯೆ, ಛಂದಸ್ಸು, ಸೂರ್ಯಾದಿ ಗ್ರಹಗಳ ಗತಿ ಮೊದಲಾದ ಗಂಭೀರ ವಿಷಯಗಳ ಸಾಲಿನಲ್ಲಿ ಆತನು ಯಾವ ಸಂಕೋಚವೂ ಇಲ್ಲದೆ ಸೂಪಶಾಸ್ತ್ರವನ್ನೂ, ಎಂದರೆ ಅಡುಗೆಯ ವಿದ್ಯೆಯನ್ನೂ, ಸೇರಿಸಿದ್ದಾನೆ. 11ನೆಯ ಶತಮಾನದಲ್ಲಿ ಚಾವುಂಡರಾಯನು ಕನ್ನಡದಲ್ಲಿ ಬರೆದ 'ಲೋಕೋಪಕಾರ'ವು ಜ್ಯೋತಿಷ, ಗೃಹನಿರ್ಮಾಣ, ಅಂತರ್ಜಲಶೋಧನೆ, ವೃಕ್ಷಾಯುರ್ವೇದಗಳೊಡನೆ ಅಡುಗೆಯನ್ನೂ ಒಂದೇ ಹೊದಿಕೆಯೊಳಗೆ ತಂದಿತು. 12ನೆಯ ಶತಮಾನದ ರಾಜಾದಿತ್ಯನು ತನ್ನ ಕನ್ನಡ ಗಣಿತಗ್ರಂಥಕ್ಕೆ 'ವ್ಯವಹಾರಗಣಿತ'ವೆಂದೇ ಹೆಸರಿಟ್ಟನು. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಪಾಕವಿಧಾನಗಳನ್ನು ಷಟ್ಪದಿಯಲ್ಲಿ ಹಾಡಿ 'ಸೂಪಶಾಸ್ತ್ರ'ವೆಂಬ ಕಾವ್ಯವನ್ನೇ ರಚಿಸಿದನು. ಬಾಳಿನ ಕೆಲಸವು ಶಾಸ್ತ್ರಕ್ಕೆ ಹೊರತಾದುದೆಂದಾಗಲಿ, ಶಾಸ್ತ್ರವು ಕೆಲಸಕ್ಕಿಂತ ದೂರದಲ್ಲಿರತಕ್ಕದ್ದೆಂದಾಗಲಿ ಈ ನಾಡಿನ ಪ್ರಾಜ್ಞರು ಭಾವಿಸಿರಲಿಲ್ಲವೆಂಬುದಕ್ಕೆ ಇಷ್ಟು ನಿದರ್ಶನ ಸಾಕು.

ಈಗಿನ ನಮ್ಮ ಮನೆಗಳಲ್ಲಿ ಆ ಸಂಬಂಧವು ಕಡಿದುಹೋಗುತ್ತಿದೆ. ಮಗುವು ಕೋಣೆಯೊಳಗೆ ಕುಳಿತು ಅನುಪಾತದ ಲೆಕ್ಕವನ್ನು ಮಾಡುತ್ತಿರುತ್ತದೆ. ಗೋಡೆಯ ಆಚೆಗೆ ತಾಯಿ ದೋಸೆಗಾಗಿ ಅಕ್ಕಿಯನ್ನೂ ಉದ್ದನ್ನೂ ಅಳೆದು ನೆನೆಹಾಕುತ್ತಿರುತ್ತಾಳೆ. ಎರಡು ಕಡೆಯೂ ನಡೆಯುತ್ತಿರುವುದು ಒಂದೇ ಲೆಕ್ಕ. ಆದರೆ ಆ ಸಂಗತಿ ಮಗುವಿಗೂ ತಿಳಿಯದು, ತಾಯಿಗೂ ತಿಳಿಯದು. "ನೀನು ಓದಿಕೋ, ಕೆಲಸ ನಾನು ನೋಡ್ಕೋತೀನಿ" ಎಂದು ಆಕೆ ವಾತ್ಸಲ್ಯದಿಂದಲೇ ಹೇಳುತ್ತಾಳೆ. ಆ ವಾತ್ಸಲ್ಯಕ್ಕೆ ಗೌರವ ಸಲ್ಲಿಸಿಯೇ ಹೇಳಬೇಕಾದ ಮಾತೊಂದಿದೆ: ಹಾಗೆ ಓದಿಗೂ ಕೆಲಸಕ್ಕೂ ನಡುವೆ ಗೋಡೆಯೆದ್ದರೆ ನಷ್ಟವು ಓದಿಗೇ ಆಗುತ್ತದೆ.

ಹಾಗೆಂದು, ಮಗುವನ್ನು ಕರೆದು ಕೆಲಸಕ್ಕೆ ಹಚ್ಚಿದ ಮಾತ್ರಕ್ಕೆ ವಿದ್ಯೆ ತಾನಾಗಿ ಬಂದುಬಿಡುವುದೆಂದು ತಿಳಿಯುವುದೂ ಸರಿಯಲ್ಲ. ಈ ವಿಚಾರದಲ್ಲಿ ವಿದ್ವಾಂಸರು ನಡೆಸಿರುವ ಎರಡು ಪರೀಕ್ಷೆಗಳು ನಮಗೆ ಬಹಳ ಉಪಯುಕ್ತವಾದ ಬೋಧೆಯನ್ನು ಕೊಡುತ್ತವೆ. ಬ್ರೆಜಿಲ್ ದೇಶದ ರೆಸೀಫೆ ಎಂಬ ನಗರದಲ್ಲಿ, ತಂದೆತಾಯಿಗಳ ಬೀದಿ ವ್ಯಾಪಾರಕ್ಕೆ ನೆರವಾಗುತ್ತಿದ್ದ 9ರಿಂದ 15 ವರ್ಷದ ಐವರು ಮಕ್ಕಳನ್ನು ಸಂಶೋಧಕರು ಗಿರಾಕಿಗಳಂತೆ ಹೋಗಿ ಮಾತನಾಡಿಸಿದರು. ಒಂದು ತೆಂಗಿನಕಾಯಿಗೆ 35 ಕ್ರುಜೇರೊ (ಅಲ್ಲಿನ ಆಗಿನ ನಾಣ್ಯ) ಆದರೆ ಹತ್ತಕ್ಕೆ ಎಷ್ಟಾಯಿತು ಎಂದು ಕೇಳಿದಾಗ 12 ವರ್ಷದ ಹುಡುಗನೊಬ್ಬನು, ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಮತ್ತೆ ಮೂರು ಸೇರಿದರೆ 315, ಇನ್ನೊಂದು ಸೇರಿ 350 ಎಂದು ತನ್ನದೇ ಆದ ದಾರಿಯಲ್ಲಿ ಲೆಕ್ಕ ಹಾಕಿ ಸರಿಯಾದ ಉತ್ತರವನ್ನು ಕೊಟ್ಟನು. ಬೀದಿಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ನೂರಕ್ಕೆ 98ರಷ್ಟಕ್ಕೆ ಸರಿಯುತ್ತರ ಕೊಟ್ಟ ಆ ಮಕ್ಕಳೇ, ಅದೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಶಾಲೆಯ ಕ್ರಮದಲ್ಲಿ ಕೊಟ್ಟಾಗ ನೂರಕ್ಕೆ 37ರಷ್ಟನ್ನು ಮಾತ್ರ ಸರಿಯಾಗಿ ಮಾಡಿದರು. 1985ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿದ್ದ ಮಕ್ಕಳು ಕೆಲವರೇ. ಆದರೆ 40 ವರ್ಷಗಳ ಮೇಲೆ, 2025ರಲ್ಲಿ, ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಹೋದ್ಯೋಗಿಗಳು ಕೋಲ್ಕತ, ದಿಲ್ಲಿಗಳ ಮಾರುಕಟ್ಟೆಗಳಲ್ಲಿ ದುಡಿಯುವ ಬಹುಸಂಖ್ಯೆಯ ಮಕ್ಕಳನ್ನು ಪರೀಕ್ಷಿಸಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶವೂ ಇದೇ ಬಗೆಯದು. ತೂಕ, ದರ, ಚಿಲ್ಲರೆಗಳ ಲೆಕ್ಕವನ್ನು ಬಾಯಲ್ಲೇ ಮಾಡಿ ಮುಗಿಸುವ ಮಕ್ಕಳು ಹಾಳೆಯ ಮೇಲಿನ ಸಾಮಾನ್ಯ ಭಾಗಾಕಾರದೆದುರು ತಬ್ಬಿಬ್ಬಾದರು. ಹಾಳೆಯ ಮೇಲಿನ ಲೆಕ್ಕದಲ್ಲಿ ಅವರಿಗಿಂತ ಮುಂದಿದ್ದ, ಶಾಲೆಗೆ ಮಾತ್ರ ಹೋಗುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಎಡವಿದರು.

ಇದರಿಂದ ನಾವು ಗ್ರಹಿಸಬೇಕಾದ ತತ್ತ್ವವು ಸ್ಪಷ್ಟವಾಗಿದೆ. ಕೈಯ ವಿದ್ಯೆಯು ಪುಸ್ತಕಕ್ಕೆ ತಾನಾಗಿ ದಾಟಿಹೋಗುವುದಿಲ್ಲ. ಪುಸ್ತಕದ ವಿದ್ಯೆಯೂ ಕೈಗೆ ತಾನಾಗಿ ಇಳಿದುಬರುವುದಿಲ್ಲ. ನಡುವೆ ಸೇತುವೆಯೊಂದನ್ನು ಯಾರಾದರೂ ಕಟ್ಟಬೇಕು. ಆ ಸೇತುವೆಗೆ ಬೇಕಾದ ಸಾಮಗ್ರಿ ಮೂರೇ: ಕೆಲಸಕ್ಕೆ ಮುಂಚೆ ಒಂದು ಊಹೆ, ಕೆಲಸದ ನಡುವೆ ಒಂದು ಮಾತು, ಕೆಲಸವಾದ ಮೇಲೆ ಒಂದು ಬರಹ. ಎಷ್ಟಾದೀತೆಂದು ಊಹಿಸಿ, ಏಕೆ ಹೀಗಾಯಿತೆಂದು ಮಾತನಾಡಿ, ಆದದ್ದನ್ನು ಶಾಲೆಯ ಅಂಕಿಯಲ್ಲಿಯೂ ಶಾಲೆಯ ಪರಿಭಾಷೆಯಲ್ಲಿಯೂ ಬರೆದಿಟ್ಟರೆ, ಅಲ್ಲಿಯವರೆಗೆ ಬರಿಯ ಕೆಲಸವಾಗಿದ್ದುದು ಪಾಠವಾಗುತ್ತದೆ.

ಅಳತೆಯಿಂದಲೇ ಆರಂಭಿಸೋಣ. ನಮ್ಮ ಹಳೆಯ ಮನೆಗಳಲ್ಲಿ ಅರೆಪಾವು, ಪಾವು, ಅಚ್ಚೇರು, ಸೇರು ಎಂಬ ಪಾತ್ರೆಗಳು ಒಂದರ ಪಕ್ಕದಲ್ಲೊಂದು ಇರುತ್ತಿದ್ದುವು. ಒಂದೊಂದೂ ತನ್ನ ಹಿಂದಿನದಕ್ಕಿಂತ ಎರಡರಷ್ಟು ದೊಡ್ಡದು. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು, ಖಂಡುಗಕ್ಕೆ ಇಪ್ಪತ್ತು ಕೊಳಗ ಎಂಬ ಕೋಷ್ಟಕವನ್ನು ಬಾಯಿಪಾಠ ಮಾಡುತ್ತಿದ್ದ ಬಾಲಕನು ಮನೆಗೆ ಬಂದರೆ ಆ ಕೋಷ್ಟಕವೇ ಕಂಚು ಹಿತ್ತಾಳೆಗಳ ರೂಪದಲ್ಲಿ ಅಲ್ಲಿ ಕುಳಿತಿರುತ್ತಿತ್ತು. ಆಗಿನ ಮಠಗಳೆಂಬ ಊರ ಶಾಲೆಗಳಲ್ಲಿ ಪೂರ್ಣಾಂಕಗಳ ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ಹೇಳಿಸುತ್ತಿದ್ದುದು ಕಾಳುಕಡಿ, ಬಟ್ಟೆಬರೆ, ಕೂಲಿಗಳ ಲೆಕ್ಕವು ಆ ಭಿನ್ನರಾಶಿಗಳಲ್ಲಿಯೇ ನಡೆಯುತ್ತಿದ್ದುದರಿಂದ. 1956ರ ಶಾಸನದಿಂದ ಮೆಟ್ರಿಕ್ ತೂಕ-ಅಳತೆಗಳೂ, 1957ರ ಏಪ್ರಿಲ್ 1ರಿಂದ ದಶಮಾಂಶದ ನಾಣ್ಯಗಳೂ ಬಂದ ಮೇಲೆ ವ್ಯವಹಾರವು ಸುಗಮವಾಯಿತು, ಅದು ಒಳ್ಳೆಯದೇ. ಆದರೂ ಅಕ್ಕಿಯ ಡಬ್ಬಿಯೊಳಗೆ ಪಾವು ಇನ್ನೂ ಎಷ್ಟೋ ಮನೆಗಳಲ್ಲಿ ಉಳಿದುಕೊಂಡಿದೆ. ಅಂತಹ ಪಾವೊಂದರ ಸುತ್ತ ನಡೆಯಬಹುದಾದ ಮಾತನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡೋಣ.

ದೋಸೆಗೆ ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ ಎಂಬುದು ಆ ಮನೆಯ ರೂಢಿ. ಈ ದಿನ ಡಬ್ಬಿಯಲ್ಲಿ ಉಳಿದಿರುವುದು ಎರಡೇ ಪಾವು ಅಕ್ಕಿ. "ಅಮ್ಮ, ಹಾಗಾದ್ರೆ ಉದ್ದು ಎಷ್ಟು ಹಾಕ್ಲಿ?" ಎಂದು ಆರನೆಯ ತರಗತಿಯ ಹುಡುಗಿ ಕೇಳುತ್ತಾಳೆ. ತಾಯಿ ಕೈಯ ಕೆಲಸ ಬಿಡದೆ, "ಮುಕ್ಕಾಲು ಪಾವಿಗಿಂತ ಒಂಚೂರು ಕಮ್ಮಿ ಹಾಕಮ್ಮ" ಎನ್ನುತ್ತಾಳೆ. ಕೆಲಸವು ಅಲ್ಲಿಗೇ ಮುಗಿದುಹೋಗಬಹುದು. ಅಥವಾ ಪಾಠವು ಅಲ್ಲಿಂದಲೇ ಆರಂಭವಾಗಬಹುದು. ಆ "ಒಂಚೂರು" ಎಂದರೆ ಎಷ್ಟು ಎಂದು ಹುಡುಗಿ ತನ್ನ ಪುಸ್ತಕವನ್ನು ತಂದು ನೋಡಲಿ. ಮೂರಕ್ಕೆ ಒಂದಾದರೆ ಎರಡಕ್ಕೆ ಮೂರನೆಯ ಎರಡು ಭಾಗ. ಮುಕ್ಕಾಲನ್ನು ಹನ್ನೆರಡನೆಯ ಒಂಬತ್ತು ಭಾಗವೆಂದೂ, ಮೂರನೆಯ ಎರಡನ್ನು ಹನ್ನೆರಡನೆಯ ಎಂಟು ಭಾಗವೆಂದೂ ಬರೆದರೆ, ಅಂತರವು ಪಾವಿನ ಹನ್ನೆರಡನೆಯ ಒಂದು ಭಾಗ. ಛೇದಗಳನ್ನು ಸಮ ಮಾಡದೆ ಭಿನ್ನರಾಶಿಗಳನ್ನು ಕಳೆಯಲಾಗದೆಂದು ಗುರುಗಳು ಹೇಳಿದ ನಿಯಮಕ್ಕೆ ಇಂತಹ ಕಡೆಯಲ್ಲಿ ಪ್ರಯೋಜನ ಕಾಣುತ್ತದೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೂ ಆ ಹುಡುಗಿಗೆ ಹೊಳೆಯುತ್ತದೆ: ತಾಯಿಯು ಲೇಖನಿ ಹಿಡಿಯದೆ ಹೇಳಿದ ಆ ಅಂದಾಜು ಸರಿಯಾದ ಲೆಕ್ಕಕ್ಕೆ ಎಷ್ಟು ಸಮೀಪದಲ್ಲಿತ್ತು!

ಇದೇ ಅಡುಗೆಮನೆಯಲ್ಲಿ ಅನುಪಾತವು ಎಲ್ಲಿ ನಿಲ್ಲುತ್ತದೆಂಬ ಪಾಠವೂ ಉಂಟು. ಅದನ್ನು ಪಠ್ಯಪುಸ್ತಕಗಳು ಹೇಳುವುದು ವಿರಳ. ನಾಲ್ವರಿಗೆ ಬದಲು ಎಂಟು ಮಂದಿಗೆ ಅನ್ನ ಮಾಡಬೇಕಾದರೆ ಅಕ್ಕಿ ಎರಡರಷ್ಟಾಗಬೇಕು. ಆದರೆ ಬೇಯುವ ಕಾಲವು ಎರಡರಷ್ಟಾಗುವುದಿಲ್ಲ. ನೀರು ಕುದಿಯಲು ಹೆಚ್ಚು ಹೊತ್ತು ಹಿಡಿದೀತು. ಕುದಿ ಬಂದ ಮೇಲೆ ಒಂದೊಂದು ಅಕ್ಕಿಯೂ ತನ್ನ ಪಾಡಿಗೆ ಮೊದಲಿನಷ್ಟೇ ಹೊತ್ತಿನಲ್ಲಿ ಬೇಯುತ್ತದೆ. ನಾಲ್ವರು ಆಳುಗಳು ಎಂಟು ದಿನದಲ್ಲಿ ಮಾಡುವ ಕೆಲಸವನ್ನು ಎಂಟು ಆಳುಗಳು ಎಷ್ಟು ದಿನದಲ್ಲಿ ಮಾಡುವರೆಂಬ ಸೂತ್ರವನ್ನು ಕಂಡಕಂಡಲ್ಲಿ ಹಚ್ಚುವ ಬಾಲಕನಿಗೆ, ಸೂತ್ರವು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬ ವಿವೇಕವನ್ನು ಒಲೆಯು ಕಲಿಸಬಲ್ಲುದು.

ಒಲೆಯ ಮೇಲೆ ಭೌತಶಾಸ್ತ್ರವೂ ಕುದಿಯುತ್ತಿದೆ. ಮಂಗಳೂರಿನಂತೆ ಕಡಲ ಮಟ್ಟದಲ್ಲಿರುವ ಊರಿನಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಮೇಲೇರಿದಂತೆಲ್ಲ ವಾಯುವಿನ ಒತ್ತಡ ಕಡಿಮೆಯಾಗುವುದೇ ಇದಕ್ಕೆ ಕಾರಣ. ಪ್ರೆಷರ್ ಕುಕ್ಕರ್ ಇದರ ವಿಪರೀತಕ್ರಮವನ್ನು ಅನುಸರಿಸುತ್ತದೆ: ಆವಿಯನ್ನು ಒಳಗೆ ಕೂಡಿಹಾಕಿ ಒತ್ತಡವನ್ನು ಹೆಚ್ಚಿಸಿ, ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯದೆ ಕಾಯುವಂತೆ ಮಾಡುತ್ತದೆ, ಆದುದರಿಂದಲೇ ತೊಗರಿಬೇಳೆಯು ಬೇಗ ಮೆತ್ತಗಾಗುತ್ತದೆ. ಇನ್ನು ಒಗ್ಗರಣೆಯ ಸೌಟಿನೊಳಗೆ ಎಣ್ಣೆಯು ನೀರು ಕುದಿಯುವ ಮಟ್ಟವನ್ನು ಎಷ್ಟೋ ಮೀರಿ ಕಾಯುತ್ತದೆ. ಸಾಸಿವೆಯೊಳಗಿನ ತೇವವು ಥಟ್ಟನೆ ಆವಿಯಾಗಿ ಸಿಪ್ಪೆಯನ್ನು ಒಡೆದು ಹೊರಬರುವಾಗಿನ ಶಬ್ದವೇ ಚಟಪಟ. ಘನ, ದ್ರವ, ಅನಿಲವೆಂಬ ಮೂರು ಅವಸ್ಥೆಗಳ ಪಾಠವನ್ನು ಓದಿದ ಮಗುವಿಗೆ ಸಾಸಿವೆ ಏಕೆ ಸಿಡಿಯುತ್ತದೆಂದು ಕೇಳಿ ನೋಡಬೇಕು. ಪಾಠವು ಎಷ್ಟು ಒಳಕ್ಕೆ ಇಳಿದಿದೆಯೆಂಬುದು ಕೂಡಲೇ ತಿಳಿದುಬರುತ್ತದೆ.

ರಸಾಯನಶಾಸ್ತ್ರಕ್ಕೆ ಬಟ್ಟೆ ಒಗೆಯುವ ಕಲ್ಲೇ ಸಾಕು. ಹಬ್ಬದ ಮರುದಿನ, ಅರಿಶಿನದ ಕಲೆಯಾದ ಬಿಳಿಯ ಅಂಗಿಗೆ ಹುಡುಗನು ಸೋಪನ್ನು ತಿಕ್ಕುತ್ತಾನೆ. ಹಳದಿಯಾಗಿದ್ದ ಕಲೆಯು ನೋಡುತ್ತಿದ್ದಂತೆ ಕೆಂಪಾಗುತ್ತದೆ. "ಅಜ್ಜಿ, ಇಲ್ಲಿ ನೋಡು, ರಕ್ತದ ಹಾಗಾಯ್ತು!" ಎಂದು ಅವನು ಗಾಬರಿಯಾಗುತ್ತಾನೆ. "ಆರತಿ ನೀರು ಹೇಗೆ ಕೆಂಪಾಗತ್ತೆ, ಹೇಳು ನೋಡೋಣ ಮಗಾ" ಎಂದು ಅಜ್ಜಿ ಮರುಪ್ರಶ್ನೆ ಹಾಕುತ್ತಾಳೆ. ಅರಿಶಿನದ ನೀರಿಗೆ ಚೂರು ಸುಣ್ಣ ಬೆರೆಸಿದರೆ ಕೆಂಪಾಗುವುದನ್ನು ಅವನು ಎಷ್ಟು ಮದುವೆ ಮುಂಜಿಗಳಲ್ಲಿ ನೋಡಿಲ್ಲ! ಸುಣ್ಣವೂ ಸೋಪೂ ಕ್ಷಾರಗುಣವುಳ್ಳವು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣದ ವಸ್ತುವು ಕ್ಷಾರದ ಸಂಪರ್ಕದಲ್ಲಿ ಕೆಂಪಾಗುತ್ತದೆ. ಆ ಕೆಂಪಿನ ಮೇಲೆ ನಿಂಬೆರಸವನ್ನೋ ಹುಣಸೆರಸವನ್ನೋ ಹಾಕಿದರೆ ಹಳದಿಯು ಮರಳುತ್ತದೆ. ಶಾಲೆಯ ಪ್ರಯೋಗಶಾಲೆಯಲ್ಲಿ ಲಿಟ್ಮಸ್ ಕಾಗದವು ಮಾಡುವ ಕೆಲಸವೂ ಇದೇ ಜಾತಿಯದು. ಬಿಳಿಯ ಕಾಗದಕ್ಕೆ ಅರಿಶಿನದ ನೀರನ್ನು ಸವರಿ ಒಣಗಿಸಿಟ್ಟುಕೊಂಡರೆ, ಅಡುಗೆಸೋಡ, ಸೋಪಿನ ನೀರು, ಸುಣ್ಣದ ತಿಳಿ, ಮಜ್ಜಿಗೆ, ನಿಂಬೆರಸಗಳನ್ನು ಒಂದೊಂದು ತೊಟ್ಟು ಹಾಕಿ ಯಾವುದು ಕ್ಷಾರ, ಯಾವುದು ಅಲ್ಲ ಎಂಬ ಪಟ್ಟಿಯನ್ನು ಹುಡುಗನೇ ಮಾಡಬಹುದು. ಅಜ್ಜಿಗೆ ಕರ್ಕ್ಯುಮಿನ್ ಎಂಬ ಹೆಸರು ತಿಳಿಯದು. ಆದರೆ ಯಾವ ಎರಡು ಅನುಭವಗಳನ್ನು ಪಕ್ಕಪಕ್ಕದಲ್ಲಿಡಬೇಕೆಂಬುದು ತಿಳಿದಿತ್ತು. ಬೋಧನೆಯಲ್ಲಿ ಅದೇ ಕಠಿನವಾದ ಭಾಗ.

ಹಿತ್ತಾಳೆ ತಾಮ್ರಗಳ ಪಾತ್ರೆಯನ್ನು ಹುಣಸೆಹಣ್ಣಿನಿಂದ ಬೆಳಗುವುದೂ ಈ ಅಧ್ಯಾಯದ ಮುಂದುವರಿಕೆಯೇ. ಗಾಳಿಯ ಸಂಪರ್ಕದಿಂದ ಲೋಹದ ಮೇಲೆ ಕಟ್ಟಿಕೊಂಡ ಆಕ್ಸೈಡಿನ ಕಪ್ಪುಪದರವನ್ನು ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ಕರಗಿಸುತ್ತದೆ, ಒಳಗಿನ ಹೊಳಪು ಹೊರಬೀಳುತ್ತದೆ. ಹುಳಿಯು ತಾಮ್ರವನ್ನು ಹೀಗೆ ಹಿಡಿಯುತ್ತದೆಂಬುದನ್ನು ಅನುಭವದಿಂದ ಅರಿತಿದ್ದುದರಿಂದಲೇ ಹಿಂದಿನವರು ಅಡುಗೆಯ ಪಾತ್ರೆಗಳ ಒಳಮೈಗೆ ತವರದ ಕಲಾಯಿ ಹಾಕಿಸದೆ ಅವುಗಳಲ್ಲಿ ಹುಳಿಸಾರುಗಳನ್ನು ಮಾಡುತ್ತಿರಲಿಲ್ಲ. ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆಗಟ್ಟದಿರುವುದು, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕೂರುವುದು, ಇವು ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಪಾಠ. ಒಂದು ಬಾಟಲಿಯಲ್ಲಿ ಮಳೆನೀರು, ಇನ್ನೊಂದರಲ್ಲಿ ಬೋರ್‌ವೆಲ್ ನೀರು ತುಂಬಿ, ಎರಡಕ್ಕೂ ಒಂದೇ ಅಳತೆಯ ಸೋಪಿನ ಚೂರು ಹಾಕಿ ಅಲುಗಿಸಿದರೆ ಅಂತರವು ಕಣ್ಣಿಗೇ ಕಾಣುತ್ತದೆ.

ಆದರೆ ವಿಜ್ಞಾನವೆಂದರೆ ಸಂಗತಿಗಳ ಪಟ್ಟಿಯಲ್ಲ, ಅದೊಂದು ವಿಚಾರಕ್ರಮ. ಆ ಕ್ರಮವನ್ನು ಕಲಿಸುವುದಕ್ಕೆ ಮೊಸರಿಗೆ ಸಮನಾದ ಗುರುವನ್ನು ನಾನು ಕಾಣೆ. ಹಾಲಿಗೆ ಹೆಪ್ಪು ಹಾಕುವುದೆಂದರೆ ಹುಳಿಗಟ್ಟಿಸುವ ಸೂಕ್ಷ್ಮಜೀವಿಗಳನ್ನು ಬಿತ್ತುವುದು. ಅವು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ, ಆ ಆಮ್ಲದಿಂದ ಹಾಲಿನ ಸಸಾರಜನಕವು ಹೆಪ್ಪುಗಟ್ಟುತ್ತದೆ. ಒಂದೇ ಹಾಲನ್ನು ಮೂರು ಬಟ್ಟಲಿಗೆ ಸಮನಾಗಿ ಹಾಕಿ, ಒಂದನ್ನು ಈಗತಾನೆ ಕುದಿದಿಳಿದಂತೆಯೂ, ಒಂದನ್ನು ಉಗುರುಬೆಚ್ಚಗೂ, ಒಂದನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೂ ಮಾಡಿಕೊಂಡು, ಮೂರಕ್ಕೂ ಒಂದೊಂದೇ ಚಮಚ ಹೆಪ್ಪು ಬಿಟ್ಟು, ತಣ್ಣನೆಯದನ್ನು ಮರಳಿ ಫ್ರಿಜ್ಜಿನಲ್ಲಿಡಬೇಕು. ಬೆಳಗ್ಗೆ ಏನಾಗಿರುವುದೆಂದು ರಾತ್ರಿಯೇ ಬರೆದಿಡಬೇಕು. ಬೆಚ್ಚಗಿನ ಬಟ್ಟಲು ಮಾತ್ರ ಗಟ್ಟಿಮೊಸರಾಗಿರುತ್ತದೆ. ಅತಿಯಾದ ಕಾವಿನಲ್ಲಿ ಜೀವಿಗಳು ಸತ್ತಿರುತ್ತವೆ, ಅತಿಯಾದ ತಂಪಿನಲ್ಲಿ ಅವು ಮಂದವಾಗಿರುತ್ತವೆ. ಹಾಲು, ಹೆಪ್ಪು, ಹೊತ್ತು ಎಲ್ಲವನ್ನೂ ಸಮನಾಗಿಟ್ಟು ಕಾವೊಂದನ್ನೇ ಬದಲಿಸಿದುದರಿಂದ ಫಲದ ಭೇದಕ್ಕೆ ಕಾವೇ ಕಾರಣವೆಂದು ಹೇಳುವ ಅಧಿಕಾರವು ನಮಗೆ ಬರುತ್ತದೆ. ಇಷ್ಟನ್ನು ಹತ್ತು ವರ್ಷದ ಮಗುವು ಮನಗಂಡರೆ, ಮುಂದೆ ಯಾರು ಯಾವ ಔಷಧದ ಮಹಿಮೆಯನ್ನು ಹೊಗಳಿದರೂ, ಉಳಿದುದೆಲ್ಲ ಸಮನಾಗಿತ್ತೇ ಎಂಬ ಪ್ರಶ್ನೆಯನ್ನು ಅದು ಕೇಳದಿರದು.

ಬೆಳಗಿನ ಬಾಗಿಲ ಕೆಲಸದಲ್ಲಿ ಗಣಿತವು ತನ್ನ ಸೌಂದರ್ಯದೊಡನೆ ಕಾಣಿಸಿಕೊಳ್ಳುತ್ತದೆ. ಏಳು ಚುಕ್ಕಿಯ ರಂಗೋಲಿಯಲ್ಲಿ ನಡುವಿನ ಸಾಲಿಗೆ ಏಳು, ಅದರ ಮೇಲೂ ಕೆಳಗೂ ಐದು, ಮೂರು, ಒಂದು ಎಂದು ಇಳಿಸುತ್ತ ಹೋಗುವುದು ವಾಡಿಕೆ. ಒಟ್ಟು ಚುಕ್ಕಿ ಎಷ್ಟು? ಎಣಿಸಿದರೆ 25. ಎಣಿಸದೆ ಹೇಳುವ ಬಗೆಯುಂಟೇ? ಮೇಲಿನಿಂದ ನಡುಸಾಲಿನವರೆಗೆ ಒಂದು, ಮೂರು, ಐದು, ಏಳು ಸೇರಿ 16, ಎಂದರೆ ನಾಲ್ಕರ ವರ್ಗ. ಅದರ ಕೆಳಗಿನ ಐದು, ಮೂರು, ಒಂದು ಸೇರಿ 9, ಎಂದರೆ ಮೂರರ ವರ್ಗ. ಬೆಸಸಂಖ್ಯೆಗಳನ್ನು ಒಂದರಿಂದ ಕ್ರಮವಾಗಿ ಕೂಡುತ್ತ ಹೋದರೆ ಪ್ರತಿ ಹಂತದಲ್ಲೂ ವರ್ಗಸಂಖ್ಯೆಯೇ ಬರುತ್ತದೆಂಬ ನಿಯಮವು ಹೊಸಿಲ ಮುಂದೆಯೇ ಬರೆದಿದೆ. ಏಕೆಂದು ಕೇಳುವ ಮಗುವಿಗೆ ಒಂದು ಹಿಡಿ ಅವರೆಕಾಳು ಕೊಡಬೇಕು. ಒಂದು ಕಾಳಿಟ್ಟು, ಅದರ ಎರಡು ಮಗ್ಗುಲಿಗೂ ಮೂಲೆಗೂ ಮೂರು ಕಾಳಿಟ್ಟರೆ ಎರಡೆರಡರ ಚೌಕ. ಅದರ ಎರಡು ಮಗ್ಗುಲನ್ನು ಹಾಗೆಯೇ ಐದು ಕಾಳುಗಳಿಂದ ಸುತ್ತಿದರೆ ಮೂರುಮೂರರ ಚೌಕ. ಹೀಗೆ ಕಟ್ಟಿದ ಮಗುವಿಗೆ ಒಂಬತ್ತು ಚುಕ್ಕಿಯ ರಂಗೋಲಿಗೆ 25ಕ್ಕೆ 16 ಸೇರಿ 41 ಚುಕ್ಕಿ ಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಭೂಗೋಳವೂ ಚರಿತ್ರೆಯೂ ವಿದ್ಯುತ್ತಿನ ಲೆಕ್ಕವೂ ಮನೆಯೊಳಗೆ ನಲ್ಲಿಯಿಂದ, ತಂತಿಯಿಂದ, ಒಗ್ಗರಣೆಯ ಡಬ್ಬಿಯಿಂದ ಪ್ರವೇಶಿಸುತ್ತವೆ. ಬೆಂಗಳೂರಿನ ಗೃಹಿಣಿಯ ಕೊಡಕ್ಕೆ ಬೀಳುವ ಕಾವೇರಿಯ ನೀರು, ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಕಡೆಯಿಂದ ಸುಮಾರು 100 ಕಿಲೋಮೀಟರ್ ದೂರವನ್ನು ಕ್ರಮಿಸಿ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳಿಂದ ಏರಿ ಬಂದುದು. ಇದನ್ನು ತಿಳಿದ ಮಗುವು ನಲ್ಲಿಯನ್ನು ಸುರಿಯಲು ಬಿಟ್ಟು ಹೋಗದು. 2,000 ವಾಟ್‌ನ ಗೀಸರ್ ಅರ್ಧ ಗಂಟೆಯಲ್ಲಿ ವ್ಯಯಿಸುವ ಒಂದು ಯೂನಿಟ್ ವಿದ್ಯುತ್ತಿನಿಂದ 10 ವಾಟ್‌ನ ಎಲ್‌ಇಡಿ ದೀಪವೊಂದು 100 ಗಂಟೆ ಉರಿಯಬಲ್ಲುದೆಂಬುದು ಕರೆಂಟ್ ಬಿಲ್ಲನ್ನು ಓದಬಲ್ಲ ಯಾವ ಬಾಲಕನಿಗೂ ಎಟುಕುವ ಲೆಕ್ಕ. ಇನ್ನು ಒಗ್ಗರಣೆಯ ಡಬ್ಬಿಯಲ್ಲಿ ಕಾಳುಮೆಣಸು ನಮ್ಮ ಪಶ್ಚಿಮಘಟ್ಟಗಳದು. ಜೀರಿಗೆ ಗುಜರಾತು, ರಾಜಸ್ಥಾನಗಳಿಂದ ಬಂದುದು. ಇಂಗು ಅಫ್ಘಾನಿಸ್ತಾನ, ಇರಾನುಗಳ ಕಡೆಯ ಗಿಡದ ಅಂಟು. ಲವಂಗದ ತವರು ಇಂಡೊನೇಷ್ಯದ ಮಲುಕು ದ್ವೀಪಗಳು. ಇಂದು ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿಗೆ ಕೀರ್ತಿ ತಂದಿರುವ ಮೆಣಸಿನಕಾಯಿಯ ಮೂಲವು ಅಮೆರಿಕ ಖಂಡ. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದುದು ಕಾಳುಮೆಣಸಿನ ಆಸೆಯಿಂದ. ಅವನ ಹಿಂದೆ ಬಂದ ಪೋರ್ಚುಗೀಸರ ಮೂಲಕ ನಮಗೆ ದೊರೆತುದು ಮೆಣಸಿನಕಾಯಿ. ಅಟ್ಲಾಸನ್ನು ತೆರೆದಿಟ್ಟುಕೊಂಡು ಒಂದು ದಿನ ಆ ಡಬ್ಬಿಯನ್ನು ತೊಳೆದು ತುಂಬಿಸಿದರೆ, ಸಮುದ್ರಮಾರ್ಗಗಳ ಇತಿಹಾಸವನ್ನು ಮಗುವು ಮರೆಯಲಾರದು.

ಭಾಷೆಯ ಪಾಠಕ್ಕೂ ಮನೆಗೆಲಸವು ಒದಗುತ್ತದೆ. ಚಿತ್ರಾನ್ನವನ್ನು ಮಾಡಿದ ಹುಡುಗನು ಅದರ ವಿಧಾನವನ್ನು ಬರೆಯಲಿ. ಅವನ ಅಕ್ಕನೋ ತಮ್ಮನೋ ಬರೆದುದನ್ನಷ್ಟೇ ಅನುಸರಿಸಿ, ಒಂದು ಮಾತನ್ನೂ ಕೇಳದೆ, ಅದನ್ನು ಮಾಡಲಿ. ಕಡಲೆಬೇಳೆ ಕೆಂಪಾದ ಮೇಲೆ ಹಸಿಮೆಣಸಿನಕಾಯಿ ಹಾಕಬೇಕೆಂಬುದನ್ನು ಬಿಟ್ಟಿದ್ದರೆ, ಅನ್ನವನ್ನು ಆರಿಸಿಕೊಳ್ಳಬೇಕೆಂಬುದನ್ನು ಮರೆತಿದ್ದರೆ, ಆ ಲೋಪವು ರುಚಿಯಲ್ಲಿಯೇ ತಿಳಿಯುತ್ತದೆ. ಯಾವುದು ಮೊದಲು, ಯಾವುದು ಅನಂತರ, ಎಷ್ಟು, ಎಲ್ಲಿಯವರೆಗೆ ಎಂಬುದನ್ನು ಅನ್ಯರಿಗೆ ಸಂಶಯ ಬಾರದಂತೆ ಬರೆಯುವುದು ಗದ್ಯದ ಮೊದಲ ಶೀಲ. ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನ ಲೆಕ್ಕವನ್ನು ಗುರುತಿಸುವುದು, ದಿನಸಿಯ ಚೀಟಿಯನ್ನು ಬರೆಯುವುದು, ತಿಂಗಳ ಕೊನೆಗೆ ಖರ್ಚನ್ನು ಕೂಡಿ ಹಿಂದಿನ ತಿಂಗಳಿನೊಡನೆ ಹೋಲಿಸುವುದು, ಇವೂ ಬರವಣಿಗೆಯೇ.

ವಿದ್ಯೆಗೆ ಕೆಲಸವೇ ಬಾಗಿಲಾಗಬೇಕೆಂಬ ವಿಚಾರವನ್ನು ದೊಡ್ಡವರು ಹಿಂದೆಯೇ ಹೇಳಿದ್ದಾರೆ. ಅಮೆರಿಕದ ತತ್ತ್ವಜ್ಞ ಜಾನ್ ಡ್ಯೂಯಿಯು 1896ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ತೆರೆದ ಪ್ರಯೋಗದ ಶಾಲೆಯಲ್ಲಿ ಅಡುಗೆ, ನೇಯ್ಗೆ, ಬಡಗಿತನಗಳೇ ಮಕ್ಕಳನ್ನು ವಿಜ್ಞಾನಕ್ಕೂ ಚರಿತ್ರೆಗೂ ಕರೆದೊಯ್ಯುವ ದಾರಿಗಳಾಗಿದ್ದುವು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನದಲ್ಲಿ ಗಾಂಧೀಜಿಯವರು ಮಾತೃಭಾಷೆಯಲ್ಲಿ, ಒಂದು ಕೈಕಸಬಿನ ಸುತ್ತ ಹೆಣೆದ ಏಳು ವರ್ಷಗಳ ಶಿಕ್ಷಣವನ್ನು ಪ್ರತಿಪಾದಿಸಿದರು. ಜಾಕಿರ್ ಹುಸೇನರ ಅಧ್ಯಕ್ಷತೆಯ ಸಮಿತಿಯು ಅದಕ್ಕೆ ಪಠ್ಯಕ್ರಮವನ್ನು ರೂಪಿಸಿತು. ನಮ್ಮಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗವನ್ನು ನಡೆಸಿದರು. ಇವರಲ್ಲಿ ಗಾಂಧೀಜಿಯವರು ಒತ್ತಿಹೇಳಿದ ಅಂಶವೊಂದು ನಮ್ಮ ಪ್ರಕೃತಕ್ಕೆ ಬಹಳ ಬೇಕಾದುದು: ಕಸಬನ್ನು ಯಾಂತ್ರಿಕವಾಗಿ ಮಾಡಿಸಬಾರದು, ಪ್ರತಿಯೊಂದು ಕ್ರಿಯೆಯ ಏಕೆ ಎಂಬುದನ್ನು ಮಗುವು ಅರಿಯಬೇಕು. ಆ ಏಕೆ ಎಂಬುದು ತಪ್ಪಿಹೋದ ಕಡೆ ಕಸಬು ಕೂಲಿಯಾಗುತ್ತದೆ.

ಆದುದರಿಂದ ಇಲ್ಲಿ ಕೆಲವು ಎಚ್ಚರಿಕೆಗಳು ಆವಶ್ಯಕ. ಮೊದಲನೆಯದು, ಮನೆಗೆಲಸವೆಂದೊಡನೆ ಹೆಣ್ಣುಮಗುವಿನ ಕಡೆಗೆ ತಿರುಗುವ ನಮ್ಮ ಅಭ್ಯಾಸವನ್ನು ಕುರಿತದ್ದು. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷವನ್ನು ಕೊಟ್ಟರೆ, ಪುರುಷರು ಕೊಟ್ಟುದು 97 ನಿಮಿಷ. ಈ ಅನ್ಯಾಯವನ್ನು ವಿದ್ಯೆಯ ಹೆಸರಿನಲ್ಲಿ ಮುಂದುವರಿಸುವುದು ಸಲ್ಲದು. ಪಾತ್ರೆ ತೊಳೆಯುವುದರಲ್ಲಿ ರಸಾಯನಶಾಸ್ತ್ರವಿದ್ದರೆ ಅದು ಗಂಡುಮಗುವಿಗೂ ಅಷ್ಟೇ ಬೇಕು. ಅವನಿಗೆ ಅದನ್ನು ತಪ್ಪಿಸುವುದೆಂದರೆ ಒಂದು ಪಾಠವನ್ನೇ ತಪ್ಪಿಸಿದಂತೆ. ಎರಡನೆಯದು, ಮಗುವಿನ ಆಟ, ನಿದ್ರೆ, ಶಾಲೆಗಳ ಹೊತ್ತನ್ನು ಕೆಲಸವು ನುಂಗಬಾರದು. ಮಾರುಕಟ್ಟೆಯ ಮಕ್ಕಳ ಜಾಣ್ಮೆಯನ್ನು ಮೆಚ್ಚುವ ನಾವು ಅವರು ಮಾರುಕಟ್ಟೆಯಲ್ಲಿರಬೇಕಾದ ಪರಿಸ್ಥಿತಿಯನ್ನು ಮೆಚ್ಚಲಾಗದು. ಮೂರನೆಯದು, ಪ್ರತಿಯೊಂದು ಕೆಲಸವನ್ನೂ ಪರೀಕ್ಷೆಯನ್ನಾಗಿ ಮಾಡಿ ಮಗುವನ್ನು ದಣಿಸಬಾರದು. ವಾರಕ್ಕೆ ಒಂದು ಕೆಲಸ, ಅದರ ಮೇಲೆ ಒಂದು ಒಳ್ಳೆಯ ಪ್ರಶ್ನೆ, ಪುಸ್ತಕದಲ್ಲಿ ಅರ್ಧ ಪುಟದ ಬರಹ ಇದ್ದರೆ ಧಾರಾಳವಾಯಿತು. ಕಡೆಯದಾಗಿ, ಮನೆಯು ಶಾಲೆಯ ಸ್ಥಾನವನ್ನು ತುಂಬಲಾರದು. ಬೀಜಗಣಿತದ ಅಮೂರ್ತ ಚಿಂತನೆ, ದೂರದ ಕಾಲದೇಶಗಳ ಜ್ಞಾನ, ಕ್ರಮಬದ್ಧವಾದ ಅಭ್ಯಾಸ ಇವು ಶಾಲೆಯಿಂದಲೇ ಬರತಕ್ಕವು. ಶಾಲೆಯು ತನ್ನ ಕಡೆಯಿಂದಲೂ ಸೇತುವೆಯನ್ನು ಕಟ್ಟಬೇಕು: ಅನುಪಾತದ ಪಾಠವಿರುವ ವಾರ, ನಿಮ್ಮ ಮನೆಯಲ್ಲಿ ಇಡ್ಲಿಗೆ ಅಕ್ಕಿ ಎಷ್ಟು, ಉದ್ದು ಎಷ್ಟು ಎಂದು ಕೇಳಿಕೊಂಡು ಬನ್ನಿ ಎಂದು ಉಪಾಧ್ಯಾಯರು ಹೇಳಿದರೆ, ಮರುದಿನ ನಲವತ್ತು ಮನೆಗಳ ನಲವತ್ತು ಅನುಪಾತಗಳು ಕರಿಹಲಗೆಯ ಮೇಲೆ ಬರುತ್ತವೆ, ಮನೆಯಿಂದ ಮನೆಗೆ ಅವು ಏಕೆ ಭಿನ್ನವಾದುವೆಂಬ ಚರ್ಚೆಯೂ ತಾನಾಗಿ ಹುಟ್ಟುತ್ತದೆ.

ಈ ಮಾರ್ಗದಿಂದಾಗುವ ಪ್ರಯೋಜನಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದನ್ನು ಹೇಳಿ ಮುಗಿಸುತ್ತೇನೆ. ನಮ್ಮ ನಾಡಿನಲ್ಲಿ ಹೆಚ್ಚು ಓದಲು ಅವಕಾಶ ದೊರೆಯದ ತಾಯಂದಿರು, ಅಜ್ಜಿಯರು ಅಸಂಖ್ಯಾತರಾಗಿದ್ದಾರೆ. ಮಗುವಿನ ಪುಸ್ತಕವು ತೆರೆದಿರುವ ಕಡೆ ಅವರು ತಮಗೇನೂ ಗೊತ್ತಿಲ್ಲವೆಂದು ಹಿಂದೆ ಸರಿದು ನಿಲ್ಲುತ್ತಾರೆ, ಮಗುವೂ ಕ್ರಮೇಣ ಹಾಗೆಯೇ ನಂಬುತ್ತದೆ. ಇದಕ್ಕಿಂತ ದುಃಖಕರವಾದ ವಿದ್ಯಾಫಲ ಬೇರೊಂದಿಲ್ಲ. ಉದ್ದಿನ ಅಳತೆಯನ್ನೂ ಹೆಪ್ಪಿನ ಕಾವನ್ನೂ ಹುಳಿಯ ಗುಣವನ್ನೂ ಅರಿತ ಆ ಕೈಗಳ ಬಳಿಗೆ ಮಗುವು ಶಾಲೆಯ ಪ್ರಶ್ನೆಯನ್ನು ಹೊತ್ತು ಬಂದು, ಅವರಿಂದ ಅನುಭವವನ್ನು ಪಡೆದು, ಪ್ರತಿಯಾಗಿ ಅವರಿಗೆ ಆ ಅನುಭವದ ಶಾಸ್ತ್ರವನ್ನು ಹೇಳಿದರೆ, ಇಬ್ಬರೂ ಏಕಕಾಲದಲ್ಲಿ ಗುರುಗಳೂ ಆಗುತ್ತಾರೆ, ಶಿಷ್ಯರೂ ಆಗುತ್ತಾರೆ. ಓದಿದ ಮಕ್ಕಳು ಓದದ ಹಿರಿಯರನ್ನು ಗೌರವಿಸಬೇಕೆಂದು ನಾವು ನೀತಿಪಾಠಗಳಲ್ಲಿ ಬೋಧಿಸುತ್ತೇವೆ. ಆ ಗೌರವಕ್ಕೆ ಕಾರಣವೇನೆಂಬುದನ್ನು ಮಗುವು ತಾನೇ ಕಂಡುಕೊಳ್ಳುವಂತೆ ಮಾಡುವುದು ಬೋಧನೆಗಿಂತ ಮೇಲಾದುದು, ಮತ್ತು ಅದಕ್ಕೆ ಪ್ರತಿಯೊಂದು ಮನೆಯಲ್ಲಿಯೂ ದಿನದಿನವೂ ಅವಕಾಶವಿದೆ.